ಆ ಕರೆಂಟು ಯಾವ ಹೊಳೆದು?

ನಾರ್ವೆಯಿಂದ ಬಂದ ಎರಡನೇ ವಾರ ಸಾಗರದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಜಗಲಿಯಲ್ಲಿ ಚಾಲಿ ಅಡಕೆ ಸುಲಿಯುತ್ತ ಕೂತಿದ್ದ ಅತ್ತೆಯ ಪಕ್ಕ ಕೂತು ಫೋನಿನಲ್ಲಿ ಫೋಟೋ ತೋರಿಸತೊಡಗಿದೆ. ಫ್ಯೋರ್ಡು, ನಡುರಾತ್ರಿಯ ಸೂರ್ಯ, ರಸ್ತೆ ದಾಟುವ ಹಿಮಸಾರಂಗ, ಕೊನೆಗೆ ನಮ್ಮ ಕಾರು. "ಇದಕ್ಕೆ ಪೆಟ್ರೋಲು ಬೇಡ ಅತ್ತೆ, ಬರೀ ಕರೆಂಟು. ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿದ್ವಿ, ಒಂದು ಹನಿ ಎಣ್ಣೆ ಸುಡಲಿಲ್ಲ" ಎಂದೆ. ಅತ್ತೆ ಫೋಟೋ ನೋಡಿದಳು, ಮತ್ತೆ ಮೆಟ್ಟುಗತ್ತಿಯ ಕಡೆ ತಿರುಗಿ ಕೇಳಿದಳು: "ಅಲ್ದಾ ತಮಾ, ಆ ಕರೆಂಟು ಯಾವ ಹೊಳೆದು?"

ನನಗೆ ಗೊತ್ತಿರಲಿಲ್ಲ.

ಅತ್ತೆಗೆ ಹತ್ತು ವರ್ಷವಾಗಿದ್ದಾಗ ಲಿಂಗನಮಕ್ಕಿ ತುಂಬಿತು. 1964. ಅವಳು ಹುಟ್ಟಿದ ಮನೆ, ಮನೆಯ ಕೆಳಗಿನ ತೋಟ, ತೋಟದಾಚೆಯ ಗದ್ದೆ ಇವತ್ತು ಶರಾವತಿಯ ಹಿನ್ನೀರಿನ ಅಡಿಯಲ್ಲಿವೆ. ಆಮೇಲೆ ಅವರನ್ನು ತಂದು ಬಿಟ್ಟ ಕಾಡಿನಂಚಿನ ಊರಿಗೆ ವಿದ್ಯುತ್ ಕಂಬ ಬಂದದ್ದು ಎಷ್ಟೋ ವರ್ಷಗಳ ನಂತರ. ಆದ್ದರಿಂದ ಅವಳ ಲೆಕ್ಕದಲ್ಲಿ ಕರೆಂಟು ಗೋಡೆಯ ಪ್ಲಗ್ಗಿನಿಂದ ಬರುವ ವಸ್ತುವಲ್ಲ. ಅದಕ್ಕೊಂದು ಹೊಳೆ ಇರುತ್ತದೆ, ಹೊಳೆಗೊಂದು ಹೆಸರಿರುತ್ತದೆ, ಹೊಳೆಯ ಬದಿಯಲ್ಲಿ ಯಾರದೋ ಮನೆ ಇರುತ್ತದೆ. ಇಷ್ಟು ಗೊತ್ತಿರಲು ಶಾಲೆಗೆ ಹೋಗಬೇಕಾಗಿಲ್ಲ. ಶಾಲೆಗೆ, ಕಾಲೇಜಿಗೆ, ಕೊನೆಗೆ ನಾರ್ವೆಗೂ ಹೋದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ಅಷ್ಟು ಹೊತ್ತಿಗೆ ನಾನು ಪ್ರವಾಸ ಕಥನದ ಮೊದಲ ಕಂತು ಬರೆದು ಮುಗಿಸಿದ್ದೆ. ಟ್ರೋಂಡ್‌ಹೈಮಿನಲ್ಲಿ ಕೆಲಸಕ್ಕಿರುವ ಭಾವನ ಕಾರು, ಅಲ್ಲಿಂದ ಇ6 ಹೆದ್ದಾರಿ ಹಿಡಿದು ಉತ್ತರಕ್ಕೆ, ಯುರೋಪಿನ ತುದಿಯೆಂದು ಹೆಸರಾದ ನೂರ್‌ಕಾಪ್‌ವರೆಗೆ. ಆ ಕಂತನ್ನು ಈಗ ತೆಗೆದು ಓದಿದರೆ ನಾಚಿಕೆಯಾಗುತ್ತದೆ. ಮೋ ಇ ರಾನಾದಲ್ಲಿ ಬ್ಯಾಟರಿ ಶೇ. 22. ಸಾಲ್ಟ್‌ಫ್ಯೆಲ್ಲೆಟ್ ಬೆಟ್ಟ ಹತ್ತಿ ಆರ್ಕ್ಟಿಕ್ ವೃತ್ತ ದಾಟುವಾಗ ಶೇ. 51. ಇಳಿಜಾರಿನಲ್ಲಿ ಬ್ರೇಕಿನಿಂದಲೇ ಕರೆಂಟು ವಾಪಸ್ಸಾಗಿ ಅಂಕೆ ಮೇಲೇರಿದ್ದು, ಅದನ್ನು ಕಂಡು ನಾವು ಚಪ್ಪಾಳೆ ತಟ್ಟಿದ್ದು. ಬೂಗ್ನೆಸ್ ಎಂಬಲ್ಲಿ ಕಾರು ಸಮೇತ ದೋಣಿ ಹತ್ತಿದ್ದು, ಇಳಿದ ಮೇಲೆ ಚಾರ್ಜರ್ ಮುಂದೆ ನಾಲ್ಕು ಕಾರುಗಳ ಸಾಲು. ಶೇ. 80 ದಾಟಿದ ಮೇಲೆ ಚಾರ್ಜಿಂಗ್ ನಿಧಾನವಾಗುವುದರಿಂದ ಅಲ್ಲಿಗೇ ತಂತಿ ಕಿತ್ತು ಹೊರಡುವುದೇ ಜಾಣತನ ಎಂಬ ಉಪದೇಶ. ಇದು ಪ್ರವಾಸ ಕಥನವೋ ಮೀಟರ್ ರೀಡಿಂಗೋ? ಓದಿದ ಗೆಳೆಯನೊಬ್ಬ "ಸಸ್ಪೆನ್ಸ್ ಚೆನ್ನಾಗಿದೆ" ಎಂದ. ಹೌದು, ಸಸ್ಪೆನ್ಸ್ ಇತ್ತು. ಮುಂದಿನ ಪ್ಲಗ್ಗು ಸಿಗುತ್ತದೋ ಇಲ್ಲವೋ ಎಂಬುದಷ್ಟೇ ಅದರ ವಸ್ತು.

ನಾನೊಬ್ಬನೇ ಹೀಗೆ ಬರೆದವನಲ್ಲ. ವಿದೇಶದಲ್ಲಿ ಎಲೆಕ್ಟ್ರಿಕ್ ಕಾರು ಓಡಿಸಿ ಬಂದವರ ಬರಹ, ಮಾತು, ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಎಲ್ಲದರಲ್ಲೂ ಎರಡೇ ರಸ: ಒಂದು ಬ್ಯಾಟರಿಯ ಆತಂಕ, ಇನ್ನೊಂದು ಹೊಗೆಯಿಲ್ಲದ ಹೆಮ್ಮೆ. ನನ್ನ ತಕರಾರು ಎರಡನೆಯದರ ಮೇಲೆ. "ಒಂದು ಹನಿ ಎಣ್ಣೆ ಸುಡದೆ" ಎಂಬ ಮಾತು ಬಂದ ತಕ್ಷಣ ಪ್ರವಾಸಿ ತಾನು ಹೋದ ನೆಲಕ್ಕೆ ಏನೂ ಸಾಲ ಉಳಿಸಿಕೊಂಡಿಲ್ಲ ಎಂದು ತೀರ್ಮಾನಿಸಿಬಿಡುತ್ತಾನೆ. ಕೈ ತೊಳೆದುಕೊಂಡವನು ಮತ್ತೆ ಆ ನೆಲವನ್ನು ನೋಡುವ ಗೋಜಿಗೆ ಹೋಗುವುದಿಲ್ಲ. ಚಾರ್ಜರ್ ಎಲ್ಲಿದೆ ಎಂದು ಹತ್ತು ಸಲ ಕೇಳುತ್ತೇವೆ, ಕರೆಂಟು ಎಲ್ಲಿಯದು ಎಂದು ಒಮ್ಮೆಯೂ ಕೇಳುವುದಿಲ್ಲ. ಸುಂದರ ದೇಶವೊಂದನ್ನು ಅಲ್ಲಿಯ ಜನರ ಜಗಳಗಳಿಲ್ಲದೆ ನೋಡಿ ಬರುವ ಹೊಸ ಉಪಾಯ ಇದು.

ಮೊದಲು ಎಣ್ಣೆಯ ವಿಷಯ ಮುಗಿಸಿಬಿಡೋಣ. ನಾವಿಬ್ಬರು ಬೆಂಗಳೂರಿನಿಂದ ವಿಮಾನದಲ್ಲಿ ಹೋಗಿ ವಿಮಾನದಲ್ಲಿ ಬಂದೆವು. ಅದೇ ದಾರಿಯನ್ನು ಪೆಟ್ರೋಲ್ ಕಾರಿನಲ್ಲಿ ಓಡಿದ್ದರೆ ಇನ್ನೂರು ಲೀಟರಿನ ಆಸುಪಾಸು ಖರ್ಚಾಗುತ್ತಿತ್ತು. ವಿಮಾನದಲ್ಲಿ ನಮ್ಮ ಒಬ್ಬೊಬ್ಬರ ಪಾಲಿಗೆ ಉರಿದ ಇಂಧನವೇ ಅದಕ್ಕಿಂತ ಹೆಚ್ಚು. ಒಂದು ಹನಿಯ ಲೆಕ್ಕ ಇಷ್ಟು.

ಆದರೆ ನಾರ್ವೆಯ ಕತೆ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ, ಮುಗಿಸಬಾರದು ಕೂಡ. ಆ ದೇಶ ಎಲೆಕ್ಟ್ರಿಕ್ ಕಾರಿಗೆ ಒಲಿದದ್ದು ಒಂದು ಚೇಷ್ಟೆಯಿಂದ. 1989ರ ಹೊತ್ತಿಗೆ ಅಲ್ಲಿಯ ಬೆಲ್ಲೋನಾ ಎಂಬ ಪರಿಸರ ಸಂಘಟನೆ ಒಂದು ಪುಟ್ಟ ಫಿಯಟ್ ಪಾಂಡಾ ಕಾರಿಗೆ ವಿದ್ಯುತ್ ಮೋಟಾರ್ ಕೂರಿಸಿದ್ದನ್ನು ತರಿಸಿತು. ಆಗ ಜಗತ್ತಿನ ತುಂಬ ಹೆಸರು ಮಾಡಿದ್ದ ಆ-ಹಾ ಎಂಬ ಪಾಪ್ ತಂಡದ ಹಾಡುಗಾರರು ಅದರಲ್ಲಿ ಕೂತು ಟೋಲ್ ಕಟ್ಟದೆ ಓಡಾಡಿದರು. ಹೊಗೆ ಬಿಡದ ಕಾರಿಗೆ ಟೋಲ್ ಯಾಕೆ ಎಂಬುದು ವಾದ. ಪೊಲೀಸರು ದಂಡ ಹಾಕಿದರು, ಇವರು ಕಟ್ಟಲಿಲ್ಲ. ಕಾರನ್ನು ಜಪ್ತಿ ಮಾಡಿ ಹರಾಜು ಹಾಕಿದರು, ಇವರೇ ಮತ್ತೆ ಕೊಂಡುಕೊಂಡರು. ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ರಿಯಾಯಿತಿಗಳು ಬಂದವು: ಖರೀದಿ ತೆರಿಗೆ ಇಲ್ಲ, ಟೋಲ್ ಇಲ್ಲ, 2001ರಿಂದ ಮೌಲ್ಯವರ್ಧಿತ ತೆರಿಗೆ ಇಲ್ಲ, ಬಸ್ಸಿನ ಪಥದಲ್ಲಿ ಓಡಿಸಬಹುದು. ನಮ್ಮ ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಡಬ್ಬಿಯಂಥ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಮಾರಾಟವಾದ ಹಾಗೆ ನಾರ್ವೆಯಲ್ಲೂ ಮಾರಾಟವಾಗಿತ್ತು. ಇದನ್ನು ಭಾವನಿಂದ ಕೇಳಿ ನನಗೆ ಸ್ವಲ್ಪ ಹೆಮ್ಮೆಯಾದದ್ದು ನಿಜ. 2017ರಲ್ಲಿ ಅಲ್ಲಿಯ ಸಂಸತ್ತು, 2025ರ ಹೊತ್ತಿಗೆ ಮಾರಾಟವಾಗುವ ಹೊಸ ಕಾರುಗಳೆಲ್ಲ ಹೊಗೆರಹಿತವಾಗಿರಬೇಕೆಂಬ ಗುರಿ ಇಟ್ಟಿತು. 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 88.9 ಪೂರ್ತಿ ಎಲೆಕ್ಟ್ರಿಕ್. ಯಾವ ದೇಶವೂ ಹತ್ತಿರಕ್ಕೆ ಬಂದಿರಲಿಲ್ಲ.

ಇಷ್ಟು ವರ್ಷ ಇಷ್ಟು ತೆರಿಗೆ ಬಿಟ್ಟುಕೊಡಲು ದುಡ್ಡು? 1969ರಲ್ಲಿ ಉತ್ತರ ಸಮುದ್ರದ ಎಕೊಫಿಸ್ಕ್‌ನಲ್ಲಿ ಎಣ್ಣೆ ಸಿಕ್ಕಿದ ಮೇಲೆ ಆ ದೇಶದ ಹಣೆಬರಹವೇ ಬದಲಾಯಿತು. ಎಣ್ಣೆ ಮತ್ತು ಅನಿಲ ಮಾರಿದ ಹಣವನ್ನು ಕೂಡಿಟ್ಟ ಅವರ ನಿಧಿ ಇವತ್ತು ಜಗತ್ತಿನ ಎಲ್ಲ ಷೇರುಪೇಟೆಗಳ ಷೇರುಗಳಲ್ಲಿ ಸುಮಾರು ನೂರಕ್ಕೆ ಒಂದೂವರೆ ಪಾಲಿಗೆ ಒಡೆಯ. ತಾವು ಕರೆಂಟಿನ ಕಾರು ಓಡಿಸುತ್ತಾರೆ, ಎಣ್ಣೆಯನ್ನು ಉಳಿದವರು ಸುಡಲೆಂದು ಹಡಗು ಹತ್ತಿಸುತ್ತಾರೆ. ಈ ವ್ಯಂಗ್ಯವನ್ನು ಎಲ್ಲರೂ ಆಡಿದ್ದಾರೆ, ನಾರ್ವೆಯವರೂ ಆಡಿಕೊಳ್ಳುತ್ತಾರೆ, ಹಾಗಾಗಿ ನಾನು ಅದನ್ನೇ ಹಿಡಿದು ಜಗ್ಗುವುದಿಲ್ಲ. ದುಡ್ಡನ್ನು ಕುಡಿದು ಕುಣಿದು ಹಾಳು ಮಾಡದೆ ಮುಂದಿನವರಿಗೆ ಇಟ್ಟ ಜನ ಎಂದು ಹೊಗಳುವವರ ಮಾತಿನಲ್ಲೂ ಸತ್ಯವಿದೆ.

ಅತ್ತೆ ಕೇಳಿದ್ದು ಎಣ್ಣೆಯನ್ನಲ್ಲ, ಹೊಳೆಯನ್ನು.

ನಾರ್ವೆಯ ವಿದ್ಯುತ್ತಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರಿನಿಂದ ಬರುವುದು. ಅಂದರೆ ಅತ್ತೆಯ ಊಹೆ ಸರಿಯಾಗಿಯೇ ಇತ್ತು. ಯಾವ ಹೊಳೆ ಎಂದು ಹುಡುಕಲು ಕೂತೆ. ವಿದ್ಯುತ್ ಜಾಲದೊಳಗೆ ಸೇರಿದ ಮೇಲೆ ಇದು ಇಂಥ ಹೊಳೆಯ ಕರೆಂಟು ಎಂದು ಬೇರ್ಪಡಿಸಿ ಹೇಳಲಾಗದು, ಅದು ಗೊತ್ತು. ಆದರೂ ನಾವು ಕಾರು ನಿಲ್ಲಿಸಿ ತಂತಿ ಚುಚ್ಚಿದ ಊರುಗಳ ಪಟ್ಟಿ ನನ್ನ ಬಳಿ ಇತ್ತು. ಅದರಲ್ಲೊಂದು ಆಲ್ಟಾ.

ಆಲ್ಟಾದ ಬಗ್ಗೆ ನನ್ನ ಮೊದಲ ಕಂತಿನ ಟಿಪ್ಪಣಿಯಲ್ಲಿ ಹೀಗಿದೆ: ನಲವತ್ತು ನಿಮಿಷದ ಚಾರ್ಜಿಂಗ್, ದಾಲ್ಚಿನ್ನಿ ಬನ್ನು, ಕಾಫಿ. ಯುನೆಸ್ಕೋ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಬಂಡೆಚಿತ್ರಗಳು. ಕಡಲಂಚಿನ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದಿನ ಜನ ಕೆತ್ತಿದ ಹಿಮಸಾರಂಗ, ದೋಣಿ, ಕರಡಿ. ತುಂಬ ಚಂದ. ಶೇ. 83 ತುಂಬಿಸಿಕೊಂಡು ಹೊರಟೆವು. ಊರಿನಿಂದ ದಕ್ಷಿಣಕ್ಕೆ ಒಂದು ರಸ್ತೆ ಹೋಗುತ್ತದೆ. ನಾವು ಆ ಕಡೆ ತಿರುಗಲಿಲ್ಲ. ತಿರುಗಿದ್ದರೆ ಸುಮಾರು 70 ಕಿ.ಮೀ. ದೂರದಲ್ಲಿ, ಅದೇ ಹೊಳೆಯ ದಡದಲ್ಲಿ, ಮಾಜೆ ಎಂಬ ಹಳ್ಳಿ ಸಿಗುತ್ತಿತ್ತು.

ಮಾಜೆ ಸಾಮಿ ಜನರ ಊರು. ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯಾಗಳ ಗಡಿಗಳು ಹುಟ್ಟುವ ಮೊದಲಿನಿಂದ ಆ ಉತ್ತರದಲ್ಲಿ ಬದುಕಿದ, ಬಹಳ ಮಂದಿ ಹಿಮಸಾರಂಗ ಮೇಯಿಸಿಕೊಂಡಿರುವ ಜನ. ಆಲ್ಟಾ ಹೊಳೆಗೆ ಅಣೆಕಟ್ಟು ಕಟ್ಟುವ ಮೊದಲ ಯೋಜನೆಯಲ್ಲಿ ಮಾಜೆ ಪೂರ್ತಿ ಮುಳುಗಬೇಕಿತ್ತು. ಜನ ಎದ್ದು ನಿಂತ ಮೇಲೆ ಅದನ್ನು ಕೈಬಿಟ್ಟು ಚಿಕ್ಕ ಯೋಜನೆ ಮಾಡಿದರು. 1978ರಲ್ಲಿ ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟಿತು. ಹಿಮಸಾರಂಗ ಮೇಯುವ, ಮರಿ ಹಾಕುವ ನೆಲ ಹೋಗುತ್ತದೆ, ಸಾಲ್ಮನ್ ಮೀನಿನ ಹೊಳೆ ಕೆಡುತ್ತದೆ ಎಂದು ಸಾಮಿಗಳೂ ಪರಿಸರದವರೂ ಸೇರಿ ನಿಂತರು. 1979ರ ಅಕ್ಟೋಬರಿನಲ್ಲಿ ಸಾಮಿ ತರುಣರು ಓಸ್ಲೋಗೆ ಬಂದು ಸಂಸತ್ ಭವನದ ಎದುರು ತಮ್ಮ ಸಾಂಪ್ರದಾಯಿಕ ಗುಡಾರ ಹಾಕಿ ಉಪವಾಸ ಕೂತರು. ಉಪವಾಸ ಸತ್ಯಾಗ್ರಹವನ್ನು ನಮ್ಮದೇ ಸ್ವತ್ತು ಎಂದುಕೊಂಡವರು ಆ ಫೋಟೋಗಳನ್ನೊಮ್ಮೆ ನೋಡಬೇಕು. 1981ರ ಜನವರಿಯಲ್ಲಿ, ಸೂರ್ಯನೇ ಸರಿಯಾಗಿ ಮೇಲೇಳದ ಆ ಚಳಿಯಲ್ಲಿ, ಸ್ಟಿಲ್ಲಾ ಎಂಬಲ್ಲಿ ಕೆಲಸದ ರಸ್ತೆಗೆ ಅಡ್ಡ ಕೂತು ಸರಪಳಿ ಬಿಗಿದುಕೊಂಡಿದ್ದವರನ್ನು ಎತ್ತಿ ಹಾಕಲು ಸುಮಾರು 600 ಪೊಲೀಸರನ್ನು ಕಳಿಸಿದರು. ಮುಂದಿನ ತಿಂಗಳು 14 ಸಾಮಿ ಹೆಂಗಸರು ಪ್ರಧಾನಿಯ ಕಚೇರಿಯೊಳಗೇ ಕೂತುಬಿಟ್ಟರು. ಆಗಷ್ಟೇ ಪ್ರಧಾನಿಯಾಗಿದ್ದವರು ಗ್ರೂ ಹಾರ್ಲೆಮ್ ಬ್ರುಂಟ್‌ಲ್ಯಾಂಡ್.

ಈ ಹೆಸರು ಪರಿಸರ ಅಧ್ಯಯನದ ಪಠ್ಯಪುಸ್ತಕ ಓದಿದವರಿಗೆಲ್ಲ ಗೊತ್ತಿರಬೇಕು. 'ಸುಸ್ಥಿರ ಅಭಿವೃದ್ಧಿ' ಎಂಬ ಪದವನ್ನು ಜಗತ್ತಿನ ಬಾಯಿಗೆ ಹಾಕಿದ, 1987ರಲ್ಲಿ ಹೊರಬಂದ ವಿಶ್ವಸಂಸ್ಥೆಯ ವರದಿ ಇವರ ಅಧ್ಯಕ್ಷತೆಯದು. ಆಲ್ಟಾ ವಿದ್ಯುದಾಗಾರ ಶುರುವಾದದ್ದೂ 1987ರಲ್ಲೇ. 150 ಮೆಗಾವ್ಯಾಟ್. ನಮ್ಮ ಶರಾವತಿ ವಿದ್ಯುದಾಗಾರದ 1035 ಮೆಗಾವ್ಯಾಟಿನ ಮುಂದೆ ಅದು ಚಿಕ್ಕದು. ಚಿಕ್ಕದಾದರೂ ಅದರಿಂದ ನಾರ್ವೆಗೆ ಒಂದು ಪಾಠವಾಯಿತು: ಸಾಮಿಗಳ ಹಕ್ಕನ್ನು ಒಪ್ಪುವ ಕಾನೂನು ಬಂತು, 1989ರಲ್ಲಿ ಸಾಮಿ ಸಂಸತ್ತು ತೆರೆಯಿತು. ಅಣೆಕಟ್ಟೂ ಉಳಿಯಿತು.

ಇದೆಲ್ಲ ನಡೆದ ಹೊಳೆಯ ಬಾಯಿಯಲ್ಲಿ ನಾನು ಕಾಫಿ ಕುಡಿಯುತ್ತ ನಲವತ್ತು ನಿಮಿಷ ಕೂತಿದ್ದೆ. ಏಳು ಸಾವಿರ ವರ್ಷ ಹಳೆಯ ಹಿಮಸಾರಂಗದ ಚಿತ್ರವನ್ನು ಮೂವತ್ತು ಸಲ ಫೋಟೋ ತೆಗೆದೆ. ಜೀವಂತ ಹಿಮಸಾರಂಗದ ಮೇವಿನ ಜಗಳ ನನ್ನ ಕಣ್ಣಿಗೆ ಬೀಳಲಿಲ್ಲ.

ಹಳೆಯ ಕತೆ, ಬಿಡಿ ಎನ್ನುವವರಿಗೆ ಹೊಸದೂ ಇದೆ. ಭಾವನ ಮನೆಯಿರುವ ಟ್ರೋಂಡ್‌ಹೈಮಿನಿಂದ ಫ್ಯೋರ್ಡಿನ ಆಚೆ ದಡಕ್ಕೆ ಫೋಸೆನ್ ಎಂಬ ಪ್ರದೇಶ. ಅಲ್ಲಿಯ ಸ್ಟೂರ್‌ಹೇಯಾ ಮತ್ತು ರೂವಾನ್ ಎಂಬ ಎರಡು ಕಡೆ 151 ಗಾಳಿಯಂತ್ರಗಳನ್ನು ಸಾಮಿಗಳ ಚಳಿಗಾಲದ ಮೇವಿನ ನೆಲದ ಮೇಲೆ ನಿಲ್ಲಿಸಿದರು. ಅವರು ಕೋರ್ಟಿಗೆ ಹೋದರು. 2021ರ ಅಕ್ಟೋಬರ್ 11ರಂದು ನಾರ್ವೆಯ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು: ಇದು ಸಾಮಿಗಳ ಸಾಂಸ್ಕೃತಿಕ ಹಕ್ಕಿನ ಉಲ್ಲಂಘನೆ, ಪರವಾನಗಿ ಅಸಿಂಧು. ಗೆದ್ದರಲ್ಲ ಎನ್ನುತ್ತೀರಾ? ಯಂತ್ರಗಳು ತಿರುಗುತ್ತಲೇ ಇದ್ದವು. ತೀರ್ಪು ಬಂದು 500 ದಿನ ಕಳೆದ ಮೇಲೆ, 2023ರ ಫೆಬ್ರವರಿಯಲ್ಲಿ, ಸಾಮಿ ಹುಡುಗ ಹುಡುಗಿಯರು ತಮ್ಮ ನೀಲಿ ಕೆಂಪಿನ ಉಡುಪಿನಲ್ಲಿ ಓಸ್ಲೋದ ಇಂಧನ ಸಚಿವಾಲಯದೊಳಗೆ ಹೋಗಿ ನೆಲದ ಮೇಲೆ ಕೂತರು. ಸ್ವೀಡನ್ನಿನ ಗ್ರೇಟಾ ಥನ್‌ಬರ್ಗ್ ಬಂದು ಅವರ ಜೊತೆ ಸೇರಿದಳು, ಗಾಳಿ ವಿದ್ಯುತ್ ಯೋಜನೆಯೊಂದರ ವಿರುದ್ಧ! ಹವಾಮಾನದ ಹೋರಾಟಕ್ಕೂ ಗಾಳಿಯಂತ್ರಕ್ಕೂ ಜಗಳ ಬರಬಹುದು ಎಂದು ಅವತ್ತು ಬಹಳ ಜನಕ್ಕೆ ಮೊದಲ ಸಲ ಅರ್ಥವಾಯಿತು. ಸರ್ಕಾರ ಕ್ಷಮೆ ಕೇಳಿತು. ಆಮೇಲೆ ಎರಡು ಒಪ್ಪಂದಗಳಾದವು, ಪರಿಹಾರ, ಬೇರೆ ಮೇವಿನ ನೆಲ ಇತ್ಯಾದಿ. ಯಂತ್ರಗಳನ್ನು ಮಾತ್ರ ತೆಗೆಯಲಿಲ್ಲ.

ಇನ್ನೂ ಉತ್ತರಕ್ಕೆ ಹೋಗೋಣ. ಆಲ್ಟಾ ಬಿಟ್ಟು ನೂರ್‌ಕಾಪ್ ಕಡೆ ಹೋಗುವ ದಾರಿಯಿಂದ ಎಡಕ್ಕೆ ಒಂದು ರಸ್ತೆ ಹ್ಯಾಮರ್‌ಫೆಸ್ಟ್ ಊರಿಗೆ ಒಡೆಯುತ್ತದೆ. ಆ ಊರಿನೆದುರು ಮೆಲ್ಕೊಯಾ ಎಂಬ ದ್ವೀಪ. ಸಮುದ್ರದಡಿಯ ಅನಿಲವನ್ನು ತಂಪು ಮಾಡಿ ದ್ರವವಾಗಿಸಿ ಹಡಗಿಗೆ ತುಂಬುವ ಕಾರ್ಖಾನೆ ಅಲ್ಲಿದೆ. ಈಗ ಅದು ತನಗೆ ಬೇಕಾದ ಶಕ್ತಿಗೆ ತನ್ನದೇ ಅನಿಲ ಸುಡುತ್ತದೆ. ಆ ಹೊಗೆ ದೇಶದ ಲೆಕ್ಕದಲ್ಲಿ ಸೇರುವುದರಿಂದ ಅದನ್ನು ನಿಲ್ಲಿಸಿ ನೆಲದ ವಿದ್ಯುತ್ ಜಾಲದಿಂದ ಕರೆಂಟು ಕೊಡಲು 2023ರ ಆಗಸ್ಟಿನಲ್ಲಿ ಸರ್ಕಾರ ಒಪ್ಪಿತು. ಅಷ್ಟು ಕರೆಂಟು ತರಲು ಹೊಸ ತಂತಿ, ಹೊಸ ಗಾಳಿಯಂತ್ರ ಬೇಕು, ಅವು ಮತ್ತೆ ನಮ್ಮ ಮೇವಿನ ನೆಲದ ಮೇಲೆಯೇ ಬರುತ್ತವೆ ಎಂದು ಸಾಮಿಗಳು ವಿರೋಧಿಸುತ್ತಿದ್ದಾರೆ. ಯೋಚಿಸಿ ನೋಡಿ: ಹೊಳೆಯ, ಗಾಳಿಯ ಶುದ್ಧ ವಿದ್ಯುತ್ತು ಅನಿಲವನ್ನು ಹಡಗಿಗೆ ತುಂಬುವ ಕೆಲಸಕ್ಕೆ. ಹೊಗೆ ಏಳುವುದು ಕೊಂಡವರ ಲೆಕ್ಕದಲ್ಲಿ. ಅದೇ ದಾರಿಯ ರೆಪ್ಪರ್‌ಫ್ಯೋರ್ಡ್ ಎಂಬಲ್ಲಿ ತಾಮ್ರದ ಗಣಿಗೆ 2019ರಲ್ಲಿ ಅನುಮತಿ ಕೊಟ್ಟಿದ್ದಾರೆ. ಗಣಿಯ ಕಸವನ್ನು ಸುರಿಯುವುದು ಆ ಫ್ಯೋರ್ಡಿನ ನೀರಿಗೆ. ತಾಮ್ರ ಯಾಕೆ ಬೇಕು ಎಂದರೆ ಹಸಿರು ಬದಲಾವಣೆಗೆ, ಅಂದರೆ ನಾವು ಕೂತು ಹೋದಂಥ ಕಾರಿಗೆ.

ಇಲ್ಲಿ ನನ್ನನ್ನು ತಪ್ಪಾಗಿ ಹಿಡಿದುಕೊಳ್ಳುವವರು ಇಬ್ಬರು ಬರುತ್ತಾರೆ. ಮೊದಲನೆಯವನು ಡೀಸೆಲ್ ಗಾಡಿಯವನು. "ನೋಡಿದ್ರಾ, ನಾನು ಮೊದಲೇ ಹೇಳಿದ್ದೆ, ಎಲೆಕ್ಟ್ರಿಕ್ ಎಲ್ಲ ಬರೀ ಮೋಸ" ಎಂದು ನನ್ನ ಬೆನ್ನು ತಟ್ಟುತ್ತಾನೆ. ಅವನ ಕೈಯನ್ನು ಮೊದಲು ತೆಗೆಯುತ್ತೇನೆ. ನೀರಿನ ವಿದ್ಯುತ್ತಿನ ಮೇಲೆ ಓಡುವ ಕಾರು, ಬ್ಯಾಟರಿ ಮಾಡುವಾಗಿನ ಹೊಗೆಯನ್ನು ಸೇರಿಸಿಕೊಂಡರೂ, ಅದರ ಆಯಸ್ಸಿನಲ್ಲಿ ಡೀಸೆಲ್ ಕಾರಿಗಿಂತ ಎಷ್ಟೋ ಕಡಿಮೆ ಇಂಗಾಲ ಬಿಡುತ್ತದೆ. ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ. ಡೀಸೆಲ್ಲಿಗೂ ಮುಳುಗಡೆಗಳಿವೆ, ಅವು ಇನ್ನೂ ದೊಡ್ಡವು, ಅವನು ಅವನ್ನೂ ಕೇಳಿದವನಲ್ಲ. ಕಾಂಗೋದ ಕೋಬಾಲ್ಟ್ ಗಣಿಯ ಮಕ್ಕಳ ಮೇಲೆ ಅವನಿಗೆ ಕರುಣೆ ಉಕ್ಕುವುದು ಎಲೆಕ್ಟ್ರಿಕ್ ಕಾರಿನ ಮಾತು ಬಂದಾಗ ಮಾತ್ರ.

ಎರಡನೆಯವರು ಸಾಹಿತ್ಯದವರು, ಬಹುಶಃ ನೀವೇ. "ಪ್ರವಾಸ ಕಥನವೇನು ಕೋರ್ಟೇ? ಎರಡು ವಾರ ರಜೆ ಹಾಕಿ ಹೋದವನು ಸೂರ್ಯನನ್ನು ನೋಡಿ ಖುಷಿಪಟ್ಟರೆ ತಪ್ಪೇನು?" ಖುಷಿಪಡಲು ಅಡ್ಡಿಯಿಲ್ಲ. ರಾತ್ರಿ ಹನ್ನೆರಡಕ್ಕೆ ನೂರ್‌ಕಾಪಿನ ಬಂಡೆಯ ಮೇಲೆ ನಿಂತು, ಸಮುದ್ರದ ಮೇಲೆ ಮುಳುಗದೆ ನಿಂತ ಸೂರ್ಯನನ್ನು ನೋಡಿ ನನಗೂ ಗಂಟಲು ಕಟ್ಟಿತ್ತು. ಅಲ್ಲಿಗೆ ಹೋಗುವ ಸುರಂಗ ಸಮುದ್ರ ಮಟ್ಟಕ್ಕಿಂತ 212 ಮೀಟರ್ ಕೆಳಗಿಳಿದು ಮೇಲೇಳುತ್ತದೆ. ಅದರೊಳಗೆ ಹೋಗುವಾಗ ನಾವು ಮೂವರೂ ಮಾತು ನಿಲ್ಲಿಸಿದ್ದೆವು. ಅದನ್ನು ಬರೆಯಲೇಬೇಕು. ಆದರೆ ಹೆಮ್ಮೆ ಬೇರೆ. "ನಾನು ಏನನ್ನೂ ಸುಡದೆ ಬಂದೆ" ಎಂದು ಬರೆದ ಗಳಿಗೆಯಲ್ಲಿ ನೀವೇ ಲೆಕ್ಕದ ಪುಸ್ತಕ ತೆರೆದಿರಿ. ತೆರೆದ ಮೇಲೆ ಜಮೆಯನ್ನು ಮಾತ್ರ ಬರೆದು ಖರ್ಚಿನ ಪುಟ ಹರಿದು ಹಾಕುವುದು ಯಾವ ನ್ಯಾಯ?

ಕನ್ನಡದಲ್ಲಿ ಬರೆಯುವವರಿಗಂತೂ ಈ ವಿನಾಯಿತಿ ಇಲ್ಲವೇ ಇಲ್ಲ. 'ಅಪೂರ್ವ ಪಶ್ಚಿಮ' ಎಂಬ ಯುರೋಪಿನ ಪ್ರವಾಸ ಕಥನ ಬರೆದ ಶಿವರಾಮ ಕಾರಂತರು ಎಂಬತ್ತೇಳರ ವಯಸ್ಸಿನಲ್ಲಿ, 1989ರಲ್ಲಿ, ಕೈಗಾ ಅಣುಸ್ಥಾವರದ ವಿರುದ್ಧ ಲೋಕಸಭಾ ಚುನಾವಣೆಗೆ ನಿಂತರು. ಸೋತರು. ಕರೆಂಟು ಎಲ್ಲಿಂದ, ಯಾರ ಖರ್ಚಿನಲ್ಲಿ ಎಂಬ ಪ್ರಶ್ನೆಗಾಗಿಯೇ ಆ ವಯಸ್ಸಿನಲ್ಲಿ ಮತ ಕೇಳಿದ ಲೇಖಕ ನಮ್ಮ ಭಾಷೆಯವರು. ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ನಮ್ಮ ಹಿನ್ನೀರಿನಿಂದಲೇ ಎದ್ದು ಬಂದ ಕಾದಂಬರಿಗಳು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಇದನ್ನೆಲ್ಲ ಓದಿ, ನೋಡಿ, ಪರೀಕ್ಷೆಯಲ್ಲಿ ಉತ್ತರ ಬರೆದು ಪಾಸಾದ ನಾನು ಆಲ್ಟಾದಲ್ಲಿ ತಂತಿ ಚುಚ್ಚಿ ಬನ್ನು ತಿಂದೆ. ಮುಳುಗಡೆ ಎಂದರೆ ನಮ್ಮ ಜಿಲ್ಲೆಯ ವಿಷಯ, ಸಾಹಿತ್ಯದ ವಿಷಯ. ವಿದೇಶ ಎಂದರೆ ಸ್ವಚ್ಛ ರಸ್ತೆಯ ವಿಷಯ. ನನ್ನ ತಲೆಯೊಳಗೆ ಇವೆರಡಕ್ಕೆ ಬೇರೆ ಬೇರೆ ಕಪಾಟುಗಳಿದ್ದವು. ನಾರ್ವೆಯಂಥ ಶ್ರೀಮಂತ, ಸಭ್ಯ ದೇಶದಲ್ಲೂ ಅತ್ತೆಯಂಥವರು ಇರಬಹುದು ಎಂದು ಹೊಳೆಯದೆ ಹೋದದ್ದು ಒಂದು ಬಗೆಯ ದಾಸ್ಯ ಎಂದು ಈಗ ಅನ್ನಿಸುತ್ತದೆ. ಬಿಳಿಯರ ದೇಶವನ್ನು ಅನುಮಾನದಿಂದ ನೋಡಲು ನಮಗೆ ಸಂಕೋಚ. ಅಲ್ಲಿಯ ಕಸದ ಬುಟ್ಟಿಯನ್ನು ಹೊಗಳಿ ಇಲ್ಲಿಯ ಕಸವನ್ನು ಬೈಯುವುದು ನಮಗೆ ರೂಢಿಯಾದ ಪ್ರವಾಸ ಕಥನ. ಎಲೆಕ್ಟ್ರಿಕ್ ಕಾರು ಅದಕ್ಕೆ ಹೊಸ ಬಣ್ಣ ಹಚ್ಚಿದೆ ಅಷ್ಟೆ.

ಇಲ್ಲಿಯದೂ ಮುಗಿದ ಕತೆಯಲ್ಲ. ಲಿಂಗನಮಕ್ಕಿ ಮುನ್ನೂರು ಚದರ ಕಿ.ಮೀ.ಗೂ ಹೆಚ್ಚು ನೆಲ ನುಂಗಿತು. ಎಬ್ಬಿಸಿ ತಂದವರ ಕುಟುಂಬಗಳು ಮೂರನೇ ತಲೆಮಾರಿನಲ್ಲೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಕೂತ ನೆಲ ಅರಣ್ಯವೋ ಕಂದಾಯವೋ ಎಂಬ ಜಗಳ ಇತ್ಯರ್ಥವಾಗಿಲ್ಲ. ಸಿಗಂದೂರಿನ ಕಡೆಯ ಜನ ಲಾಂಚಿಗೆ ಕಾಯುವುದು ತಪ್ಪಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆಯಾದದ್ದು 2025ರ ಜುಲೈಯಲ್ಲಿ. ಅಂದರೆ ಅಣೆಕಟ್ಟಾಗಿ 61 ವರ್ಷದ ಮೇಲೆ. ಅಷ್ಟರಲ್ಲಿ ಹೊಸದು ಬಂದಿದೆ: ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆ ಎತ್ತಿ ಕೆಳಕ್ಕೆ ಬಿಡುವ 2000 ಮೆಗಾವ್ಯಾಟಿನ ಯೋಜನೆ, ಸಿಂಗಳೀಕಗಳ ಅಭಯಾರಣ್ಯದೊಳಗೆ. ಯಾಕೆಂದರೆ ಬಿಸಿಲಿನ, ಗಾಳಿಯ ಕರೆಂಟನ್ನು ಕೂಡಿಡಬೇಕು. ಬಿಸಿಲಿನದು ಪಾವಗಡದ 13,000 ಎಕರೆಯಿಂದಲೂ ಬರುತ್ತದೆ. ಅಲ್ಲಿ ನೆಲ ಇದ್ದವರಿಗೆ ವರ್ಷಕ್ಕಿಷ್ಟು ಎಂದು ಬಾಡಿಗೆ ಸಿಕ್ಕಿತು, ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆ ಕೊಡಲು ಅವರ ಹೆಸರಲ್ಲಿ ನೆಲವೇ ಇರಲಿಲ್ಲ. ನಾಳೆ ಬೆಂಗಳೂರಿನಿಂದ ಜೋಗಕ್ಕೆ ಹಸಿರು ನಂಬರ್ ಪ್ಲೇಟಿನ ಕಾರಿನಲ್ಲಿ ಬರುವವರು ಈ ಮೂರನ್ನೂ ಬ್ಯಾಟರಿಯಲ್ಲಿ ತುಂಬಿಕೊಂಡೇ ಬರುತ್ತಾರೆ. ಬರಲಿ. ನಾನೂ ಅಂಥ ಕಾರು ಕೊಳ್ಳುವವನೇ. ಆದರೆ ಇದು ಯಾರದೋ ಹೊಳೆ ಎಂಬುದು ಗೊತ್ತಿದ್ದು ಬರಲಿ.

ಒಂದು ಮಾತು ಕಾರಿನ ಪರವಾಗಿಯೂ ಹೇಳಬೇಕು. ಪೆಟ್ರೋಲ್ ಬಂಕಿನಲ್ಲಿ ಐದು ನಿಮಿಷಕ್ಕೆ ಟ್ಯಾಂಕು ತುಂಬುತ್ತದೆ, ಇಳಿಯುವುದೂ ಬೇಡ. ಎಲೆಕ್ಟ್ರಿಕ್ ಕಾರು ನಿಮ್ಮನ್ನು ಗೊತ್ತಿಲ್ಲದ ಊರಿನಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಕಟ್ಟಿ ಹಾಕುತ್ತದೆ. ಯಾವ ಪ್ರವಾಸಿಯೂ ತಾನಾಗಿ ನಿಲ್ಲದ ಊರುಗಳು ಅವು. ನಾವು ಹಾಗೆ ಹದಿನಾರು ಊರುಗಳಲ್ಲಿ ನಿಂತೆವು. ಎಷ್ಟು ದೊಡ್ಡ ಅವಕಾಶ! ಆ ಹದಿನಾರು ಅರ್ಧ ಗಂಟೆಗಳಲ್ಲಿ ನಾನು ಮಾಡಿದ್ದು ಮುಂದಿನ ಚಾರ್ಜರಿನಲ್ಲಿ ಜಾಗ ಖಾಲಿ ಇದೆಯೇ ಎಂದು ಫೋನು ನೋಡಿದ್ದು. ಭಾವನಿಗೆ ಅಲ್ಲಿಯ ಭಾಷೆ ಬರುತ್ತದೆ, ಪಕ್ಕದ ಕಾರಿಗೆ ಒರಗಿ ನಿಂತವರೆಲ್ಲ ಅದೇ ನೆಲದವರು, ಅವರಿಗೂ ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. "ಈ ಕರೆಂಟು ಯಾವ ಹೊಳೆದು?" ಎಂದು ಭಾವನ ಕೈಲಿ ಒಬ್ಬರನ್ನಾದರೂ ಕೇಳಿಸಬಹುದಿತ್ತು.

ಮೊದಲ ಕಂತನ್ನು ಸಂಪಾದಕರಿಂದ ವಾಪಸ್ ತರಿಸಿಕೊಂಡೆ. ಮೊನ್ನೆ ಮತ್ತೆ ಊರಿಗೆ ಹೋದಾಗ ಅತ್ತೆಗೆ ಉತ್ತರ ಹೇಳಿದೆ. ಆಲ್ಟಾ ಎಂಬ ಹೊಳೆ, ಮಾಜೆ ಎಂಬ ಊರು, ಉಪವಾಸ ಕೂತವರು, ಆಮೇಲಿನ ಗಾಳಿಯಂತ್ರ, ಕೋರ್ಟು. ಅವಳು ಪೂರ್ತಿ ಕೇಳಿದಳು. ಹಿಮಸಾರಂಗ ಹಾಲು ಕೊಡುತ್ತದೋ ಎಂದು ಕೇಳಿದಳು. ಆಮೇಲೆ, "ಕೋರ್ಟಲ್ಲಿ ಗೆದ್ದ್ರು ಅಂದ್ಯಲ, ಜಾಗ ಬಿಟ್ಟುಕೊಟ್ರಾ?"

"ಇಲ್ಲ ಅತ್ತೆ. ಯಂತ್ರ ಇನ್ನೂ ಅಲ್ಲೇ ತಿರುಗ್ತಾ ಇದೆ. ಬೇರೆ ಕಡೆ ಜಾಗ ಕೊಡ್ತೀವಿ ಅಂದಿದಾರೆ."

"ಕಾಗದ ಕೊಟ್ಟಿದಾರಾ, ಬಾಯಲ್ಲಿ ಹೇಳಿದಾರಾ?"

ಕಾಗದವೇ ಇರಬೇಕು, ಒಪ್ಪಂದ ಎಂದಿದೆ, ಎಂದೆ. "ಹಂಗಾರೆ ನಮಗಿಂತ ವಾಸಿ" ಎನ್ನುತ್ತ ಅತ್ತೆ ಸೊಂಟ ಹಿಡಿದುಕೊಂಡು ಎದ್ದಳು. ಮಳೆ ಜೋರಾಗಿತ್ತು, ಕರೆಂಟು ಹೋಗಿ ಆಗಲೇ ಎರಡು ಗಂಟೆಯಾಗಿತ್ತು. ದೀಪಕ್ಕೆ ಎಣ್ಣೆ ಹಾಕಲು ಒಳಗೆ ಹೋದಳು.